ಬೆಂಕಿ ಹತ್ತುವುದಕ್ಕೂ ಎತ್ತರ ಬೇಕು

ನನ್ನ ಷಡ್ಡಕರು ಕಲ್ಯಾಣ ಮಂಟಪ ಕಟ್ಟಿಸಿದರು. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರರಲ್ಲಿ ಯಾವ ಊರಿನಲ್ಲಿ ಎಂದು ಬಾಯಿ ಬಿಟ್ಟರೆ ನಾದಿನಿ ಊರಹಬ್ಬಕ್ಕೆ ಕರೆಯುವುದನ್ನು ನಿಲ್ಲಿಸುತ್ತಾಳೆ. ಬಾಯಿ ಬಿಡದಿದ್ದರೆ ಮೂರೂ ಊರಿನವರು "ಇದು ನಮ್ಮ ಬಸ್ ಸ್ಟ್ಯಾಂಡ್ ಹಿಂದಿನದೇ" ಎಂದು ಗುರುತು ಹಿಡಿಯುತ್ತಾರೆ. ಎರಡನೆಯದೇ ವಾಸಿ.

ಪ್ಲ್ಯಾನ್ ಬರೆಯಲು ಬಂದ ಇಂಜಿನಿಯರ್ ಹುಡುಗ ಸೈಟಿನ ಅಳತೆ ಕೇಳಲಿಲ್ಲ. ಒಂದು ಪಂಕ್ತಿಗೆ ಎಷ್ಟು ಎಲೆ ಹಾಕಬೇಕು ಎಂದೂ ಕೇಳಲಿಲ್ಲ. "ಸಾರ್, ಎತ್ತರ ಎಷ್ಟಕ್ಕೆ ನಿಲ್ಲಿಸೋಣ?" ಎಂದ.

"ದುಡ್ಡು ಇರೋವರ್ಗೂ ಹೋಗೋಣ ಬಿಡಪ್ಪ" ಎಂದರು ಷಡ್ಡಕರು.

"ಹಂಗಲ್ಲ ಸಾರ್. ಹದಿನೈದು ಮೀಟರ್ ಮುಟ್ಟಿದ್ರೆ ಫೈರ್‌ನೋರ ಎನ್‌ಒಸಿ ಬೇಕು. ಎರಡು ಮೆಟ್ಟಿಲು, ಮೇಲೊಂದು ಟ್ಯಾಂಕು, ಕೆಳಗೊಂದು ಟ್ಯಾಂಕು, ಪಂಪು, ಪೈಪು, ಸುತ್ತ ಗಾಡಿ ತಿರುಗೋ ಜಾಗ. ಮುಟ್ಟದೇ ಇದ್ರೆ ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ, ಬೆಂಕೀನೂ ಬೀಳಲ್ವೇನಪ್ಪಾ?" ಎಂದು ನಾನು ಮಧ್ಯೆ ಬಾಯಿ ಹಾಕಿದೆ. ಪುಕ್ಕಟೆ ಕಾಫಿ ಕುಡಿಯಲು ಬಂದ ನೆಂಟನನ್ನು ನೋಡುವ ಹಾಗೆ ಇಬ್ಬರೂ ನನ್ನನ್ನು ನೋಡಿದರು.

ವಾರದೊಳಗೆ ನಕ್ಷೆ ಬಂತು. ಎತ್ತರ: 14.90 ಮೀಟರ್. ಬಾಟಾ ಚಪ್ಪಲಿಯ ಬೆಲೆ ಚೀಟಿ ನೋಡಿದಂತಾಯಿತು.

ಕನ್ನಡದಲ್ಲಿ ಬೆಂಕಿ ಹತ್ತುತ್ತದೆ. ಮರ ಹತ್ತುತ್ತೇವೆ, ಬಸ್ಸು ಹತ್ತುತ್ತೇವೆ, ಬೆಂಕಿಯೂ ಹತ್ತುತ್ತದೆ. ನಾವು ಇದನ್ನು ಆಡುಮಾತು ಎಂದುಕೊಂಡಿದ್ದೆವು. ಕಟ್ಟಡದ ನಿಯಮ ಓದುವವರು ಇದನ್ನು ಅಕ್ಷರಶಃ ನಂಬಿದ್ದಾರೆ. ಹತ್ತಬೇಕಾದರೆ ಎತ್ತರ ಬೇಕಲ್ಲ? ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೆಯ ಭಾಗ ಅಗ್ನಿ ಮತ್ತು ಜೀವ ಸುರಕ್ಷತೆಗೆ ಮೀಸಲು. ಅದರ ಪ್ರಕಾರ 15 ಮೀಟರ್ ಮತ್ತು ಅದಕ್ಕಿಂತ ಮೇಲಿನದು ಬಹುಮಹಡಿ. ಹದಿನೈದರ ಮೇಲೆ ಹುಟ್ಟಿದ ಕಟ್ಟಡಕ್ಕೆ ಜಾತಕ, ಬಾರಸೆ, ಎರಡು ವರ್ಷಕ್ಕೊಮ್ಮೆ ವರ್ಧಂತಿ ಎಲ್ಲ ಉಂಟು. ಮೊದಲು ಅಗ್ನಿಶಾಮಕ ಇಲಾಖೆಯವರು ನಕ್ಷೆ ನೋಡಿ ನಿರಾಕ್ಷೇಪಣಾ ಪತ್ರ ಕೊಡಬೇಕು. ಕಟ್ಟಿ ಮುಗಿದ ಮೇಲೆ ಬಂದು, ಬರೆದದ್ದಕ್ಕೂ ಕಟ್ಟಿದ್ದಕ್ಕೂ ತಾಳೆ ನೋಡಿ ಇನ್ನೊಂದು ಪತ್ರ ಕೊಡಬೇಕು. ಆಮೇಲೆ ಪಂಪು ಓಡುತ್ತದೆಯೇ, ಪೈಪಿನಲ್ಲಿ ನೀರಿದೆಯೇ ಎಂದು ಆಗಾಗ ನೋಡಿ ನವೀಕರಿಸಬೇಕು. ಹದಿನೈದರ ಕೆಳಗೆ ಹುಟ್ಟಿದವು ಬಡವರ ಮನೆ ಮಕ್ಕಳ ಹಾಗೆ ತಾವೇ ಬೆಳೆದುಕೊಳ್ಳುತ್ತವೆ.

ನಮ್ಮ ಮೂರು ತಾಲ್ಲೂಕಿನಲ್ಲಿ 15 ಮೀಟರ್ ದಾಟಿದ್ದು ಏನಿದೆ ಎಂದು ಬಿ.ಎಚ್. ರಸ್ತೆಯುದ್ದಕ್ಕೂ ಕತ್ತು ಎತ್ತಿ ನೋಡುತ್ತಾ ಹೋದೆ. ನೀರಿನ ಟ್ಯಾಂಕು, ಮೊಬೈಲ್ ಟವರು, ತೆಂಗಿನ ಮರ. ಈ ಸೀಮೆಯ ಹಳೆಯ ತೆಂಗಿನ ಮರಗಳು ಯಾವ ಎನ್‌ಒಸಿಯೂ ಇಲ್ಲದೆ ನಿಂತಿವೆ. ಉಳಿದದ್ದೆಲ್ಲ ಕುಳ್ಳು: ಕೆಳಗೆ ಗೊಬ್ಬರದಂಗಡಿ, ಮೇಲೆ ಫೈನಾನ್ಸು, ಅದರ ಮೇಲೆ ಟ್ಯೂಷನ್ನು, ತುದಿಯಲ್ಲಿ ತಗಡಿನ ಶೆಡ್ಡಿನಲ್ಲಿ ಜಿಮ್ಮು. ಒಂದೇ ಮೆಟ್ಟಿಲು. ಆ ಮೆಟ್ಟಿಲ ಕೆಳಗೆ ಮೀಟರ್ ಬೋರ್ಡುಗಳು, ಮೀಟರ್ ಬೋರ್ಡಿನ ಕೆಳಗೆ ಜೆರಾಕ್ಸ್ ಅಂಗಡಿಯವನ ಪೇಪರ್ ಬಂಡಲ್ಲು. ಎತ್ತರ ಅಳೆದರೆ ಕಾನೂನಿಗೆ ಏನೂ ಕಾಣದು. ಮೂಗು ಹಾಕಿ ನೋಡಿದರೆ ಸುಟ್ಟ ವೈರಿನ ವಾಸನೆ.

ಇನ್ನು ಈ ಹದಿನೈದು ಮೀಟರಿನ ಗೆರೆ ಒಂದೇ ಕಡೆ ನಿಂತದ್ದೂ ಅಲ್ಲ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಕೇಬಲ್ಲಿನ ಕಿಂಡಿಯಿಂದ ಎದ್ದ ಹೊಗೆ ಒಂಬತ್ತು ಜನರನ್ನು ಕೊಂಡುಹೋಯಿತು. ಉಸಿರಾಡಲಾಗದೆ ಗಾಜು ಒಡೆದು ಕೆಳಗೆ ಹಾರಿದವರಿದ್ದರು. ಅಲ್ಲಿಯವರೆಗೆ 24 ಮೀಟರ್ ಇದ್ದ ಗೆರೆ ಆಮೇಲೆ 15ಕ್ಕೆ ಇಳಿಯಿತು. ಈಚೆಗೆ ಮತ್ತೆ 21ರ ಮಾತು. ಹೆಣ ಬಿದ್ದಾಗ ಗೆರೆ ಇಳಿಯುತ್ತದೆ, ನೆನಪು ಆರಿದಾಗ ಏರುತ್ತದೆ. ಷೇರು ಪೇಟೆಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಬೆಂಕಿಗೆ ಮಾತ್ರ ಈ ಲೆಕ್ಕ ಯಾರೂ ಹೇಳಿಕೊಟ್ಟಂತಿಲ್ಲ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಮಕ್ಕಳು. ಡೇರೆಗೆ ಮಹಡಿ ಇರುತ್ತದೆಯೇ? 1995ರ ಡಿಸೆಂಬರ್ 23ರಂದು ಹರಿಯಾಣದ ದಬ್‌ವಾಲಿಯಲ್ಲಿ ಒಂದು ಮದುವೆ ಛತ್ರದಲ್ಲಿ ಶಾಲೆಯ ವಾರ್ಷಿಕೋತ್ಸವ; ಶಾಮಿಯಾನಕ್ಕೆ ಕಿಡಿ ತಗುಲಿ ನಾನೂರಕ್ಕೂ ಹೆಚ್ಚು ಜನ ಹೋದರು. 2004ರ ಜನವರಿ 23ರಂದು ಕಾವೇರಿ ದಂಡೆಯ ಶ್ರೀರಂಗಂನಲ್ಲಿ ಮದುವೆ ಮನೆಗೆ ಬೆಂಕಿ ಬಿತ್ತು. ಛತ್ರದ ಮೇಲೆ ಗರಿಯ ಚಪ್ಪರ, ವಿಡಿಯೊದವರ ದೀಪ, ಇಳಿಯಲು ಇಕ್ಕಟ್ಟಿನ ಮೆಟ್ಟಿಲು. ಐವತ್ತಕ್ಕೂ ಹೆಚ್ಚು ಜನ. ಅವರಲ್ಲಿ ಮದುಮಗನೂ ಒಬ್ಬ. ಅದೇ ವರ್ಷ ಜುಲೈ 16ರಂದು ಅದೇ ಕಾವೇರಿ ಸೀಮೆಯ ಕುಂಭಕೋಣದ ಶಾಲೆಯಲ್ಲಿ 94 ಮಕ್ಕಳು. 2018ರ ಜನವರಿ 8ರಂದು ಬೆಂಗಳೂರು ಕಲಾಸಿಪಾಳ್ಯದ ಕಡೆಯ ಬಾರೊಂದರ ಒಳಗೆ ಮಲಗಿದ್ದ ಐವರು ಕೆಲಸದ ಹುಡುಗರು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಗೋದಾಮು. ಇವುಗಳಲ್ಲಿ ಯಾರನ್ನೂ ಎತ್ತರ ಕೊಲ್ಲಲಿಲ್ಲ. ಕೊಂದದ್ದು ಒಂದೇ ಬಾಗಿಲು, ಇಲ್ಲವೆ ಬೀಗ ಹಾಕಿದ ಬಾಗಿಲು, ಇಲ್ಲವೆ ಬಾಗಿಲ ಮುಂದೆ ಇಟ್ಟ ಸಾಮಾನು.

ಸಂಹಿತೆ ಬರೆದವರಿಗೆ ಇದು ಗೊತ್ತಿತ್ತು ಎನ್ನಬೇಕು. ಅವರು ಕಟ್ಟಡಗಳನ್ನು ಎ ಇಂದ ಜೆ ವರೆಗೆ ಗುಂಪು ಮಾಡಿದ್ದಾರೆ: ವಾಸದ್ದು ಎ, ಶಾಲೆ ಬಿ, ಆಸ್ಪತ್ರೆ ಸಿ, ಜನ ಸೇರುವ ಸಭೆ ಡಿ, ಹೀಗೆ. (ಎಚ್ ಆದ ಮೇಲೆ ನೇರವಾಗಿ ಜೆ. ನಡುವಿನ ಐ ಇಲ್ಲ. ನಮ್ಮ ನಾಡಿನಲ್ಲಿ 'ನಾನು' ಎಂದು ಮುಂದೆ ಬರುವ ಅಧಿಕಾರಿ ಸಿಗದಿದ್ದರೆ ಆಶ್ಚರ್ಯವೇನು.) ಡಿ ಗುಂಪಿನ ಕಟ್ಟಡಗಳೆಲ್ಲ ವಿಶೇಷ ಕಟ್ಟಡಗಳು, ಅವು ಎಷ್ಟೇ ಕುಳ್ಳಾಗಿರಲಿ, ಎಂದೂ ಅದೇ ಸಂಹಿತೆಯಲ್ಲಿದೆ. ಕಲ್ಯಾಣ ಮಂಟಪ ಡಿ ಗುಂಪಿನದು. ಆದರೆ ಸಂಹಿತೆ ಎಂಬುದು ಶಿಫಾರಸು. ರಾಜ್ಯದ ಕಾನೂನು, ಊರಿನ ಕಟ್ಟಡ ಉಪವಿಧಿ ಅದನ್ನು ಎಷ್ಟು ತಮ್ಮೊಳಗೆ ಸೇರಿಸಿಕೊಂಡವೋ ಅಷ್ಟೇ ಅದಕ್ಕೆ ಹಲ್ಲು. ಮಿಕ್ಕದ್ದು ಒಸಡು.

ಷಡ್ಡಕರ ಇಂಜಿನಿಯರ್ ಈ ಒಸಡಿಗೂ ಹೆದರಿದವನಲ್ಲ. ಅವನು ನಕ್ಷೆಯ ಮೇಲೆ 'ಕಲ್ಯಾಣ ಮಂಟಪ' ಎಂದು ಬರೆಯಲೇ ಇಲ್ಲ. 'ವಾಸದ ಕಟ್ಟಡ' ಎಂದು ಬರೆದ. ಒಂದು ಕೋಣೆ, ಒಂದು ಅಡುಗೆಮನೆ, ಒಂದು ದೇವರಮನೆ, ಒಂದು ಹಾಲ್. ಎಲ್ಲರ ಮನೆಯಲ್ಲೂ ಹಾಲ್ ಇರುತ್ತದಲ್ಲ. ಷಡ್ಡಕರ ಮನೆಯ ಹಾಲ್ 90 ಅಡಿಗೆ 50 ಅಡಿ. ಅಡುಗೆಮನೆಯಲ್ಲಿ ಆರು ಒಲೆ. ಕೈ ತೊಳೆಯಲು ಒಂದೇ ಸಾಲಿನಲ್ಲಿ ಹದಿನಾಲ್ಕು ನಲ್ಲಿ. ನಕ್ಷೆ ಪಾಸು ಮಾಡಿದವರು ಒಂದು ಕ್ಷಣವೂ ಅನುಮಾನ ಪಡಲಿಲ್ಲ. ಅವಿಭಕ್ತ ಕುಟುಂಬದ ಮೇಲೆ ನಮ್ಮ ಕಚೇರಿಗಳಿಗೆ ಇರುವ ನಂಬಿಕೆ ದೊಡ್ಡದು.

ತಪ್ಪು ಯಾರದು ಎಂದು ಕೇಳಿದರೆ ಕಥೆ 1964ಕ್ಕೆ ಹೋಗುತ್ತದೆ. ಆ ಒಂದೇ ವರ್ಷದಲ್ಲಿ ನಮ್ಮ ರಾಜ್ಯ ಇನ್ನೂ ಮೈಸೂರು ಎನಿಸಿಕೊಂಡಿದ್ದಾಗ ಎರಡು ಕಾಯ್ದೆಗಳು ಹುಟ್ಟಿದವು. ಒಂದು ಪುರಸಭೆಗಳ ಕಾಯ್ದೆ, ಇನ್ನೊಂದು ಅಗ್ನಿಶಾಮಕ ದಳದ ಕಾಯ್ದೆ. ಒಂದೇ ವರ್ಷ ಹುಟ್ಟಿದ ಅಣ್ಣತಮ್ಮಂದಿರು, ಪಾಲಾದ ಮೇಲೆ ಮಾತಿಲ್ಲ. ಕಟ್ಟಲು ಲೈಸೆನ್ಸ್ ಕೊಡುವುದು ಪುರಸಭೆಯ ಪಾಲಿಗೆ ಬಂತು, ಉರಿದಾಗ ಓಡಿಬರುವುದು ಅಗ್ನಿಶಾಮಕದವರ ಪಾಲಿಗೆ. ಕುಳ್ಳು ಕಟ್ಟಡದ ವಿಷಯದಲ್ಲಿ ಅಗ್ನಿಶಾಮಕದವರು ಹೆಚ್ಚೆಂದರೆ ಸಲಹೆ ಕೊಡುತ್ತಾರೆ. ಸಲಹೆಗೆ ನಮ್ಮ ಸೀಮೆಯಲ್ಲಿ ಏನು ಬೆಲೆ ಎಂಬುದು ಮಗಳ ಮದುವೆ ಮಾಡಿದ ಪ್ರತಿಯೊಬ್ಬ ತಂದೆಗೂ ಗೊತ್ತು. ಎಲ್ಲರೂ ಕೊಡುತ್ತಾರೆ, ಯಾರೂ ತೆಗೆದುಕೊಳ್ಳುವುದಿಲ್ಲ, ಕೊನೆಗೆ ಖರ್ಚು ಮಾತ್ರ ತಂದೆಯದು.

ಕಡೂರಿಗೆ ಇಂಥ ಪಾಲುಪಟ್ಟಿ ಹೊಸದಲ್ಲ ಬಿಡಿ. ಒಂದು ಕಾಲಕ್ಕೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಎಂದು ಹೆಸರು. ಕಚೇರಿ 1865ರಲ್ಲೇ ಚಿಕ್ಕಮಗಳೂರಿಗೆ ಹೋಯಿತು, ಹೆಸರು ಇನ್ನೂ ಎಂಟು ದಶಕ ಇಲ್ಲೇ ಉಳಿದಿತ್ತು. ಅಧಿಕಾರ ಒಂದು ಕಡೆ, ಹೆಸರು ಒಂದು ಕಡೆ ಎಂಬ ಪದ್ಧತಿಗೆ ನಾವೇ ಹಿರಿಯರು.

ತರೀಕೆರೆಯವರಿಗೆ ಇನ್ನೊಂದು ಅನುಕೂಲ. ಅವರ ಕೆರೆ ಏರಿಯ ಮೇಲೆ ಮೇಯುವ ಕರಿ ಕುರಿಮರಿಗಳ ದಯೆಯಿಂದ ನಾಡಿನ ಮಕ್ಕಳೆಲ್ಲ ನಾಲಗೆ ಹೊರಳಿಸಲು ಕಲಿತಿದ್ದಾರೆ. ಈಗ ಆ ಕುರಿಗಳಿಗೆ ವಯಸ್ಸಾಯಿತು. ಬದಲಿಗೆ 'ನಿರಾಕ್ಷೇಪಣಾ ಪತ್ರ' ಎಂದು ಒಂದೇ ಉಸಿರಿಗೆ ಹತ್ತು ಸಲ ಹೇಳಿಸಿ ನೋಡಿ. ಐದನೆಯ ಸಲಕ್ಕೆ ಅದು 'ನಿರೀಕ್ಷಣಾ ಪತ್ರ' ಆಗುತ್ತದೆ. ಎಂಟನೆಯ ಸಲಕ್ಕೆ 'ನಿರ್ಲಕ್ಷ್ಯ ಪತ್ರ'. ನಾಲಗೆ ಸುಳ್ಳು ಹೇಳುವುದಿಲ್ಲ.

ಅಜ್ಜಂಪುರ ತಾಲ್ಲೂಕಾಗಿ ಇನ್ನೂ ಹತ್ತು ವರ್ಷ ತುಂಬಿಲ್ಲ. ಅಮೃತ ಮಹಲ್ ದನಗಳಿಗೆ ರಾಜರ ಕಾಲದಿಂದಲೂ ಅಲ್ಲಿ ಕಾವಲು ಇದೆ, ಕಚೇರಿ ಇದೆ, ದಾಖಲೆ ಇದೆ. ಮನುಷ್ಯರಿಗೆ ಈಗೀಗ ಒಂದೊಂದಾಗಿ ಬರುತ್ತಿದೆ. ಆ ಕಡೆಯ ಹಳ್ಳಿಗಳಿಗೆ ಹೋದಾಗ ನನ್ನ ಕಣ್ಣಿಗೆ ಬಿದ್ದದ್ದು ರಾಗಿ ಹುಲ್ಲಿನ ಬಣವೆ. ನಿಂತು ನೋಡಿ. ಬಣವೆಯನ್ನು ಮನೆಗೆ ಆನಿಸಿ ಒಟ್ಟುವುದಿಲ್ಲ. ಎರಡು ಬಣವೆಗಳ ನಡುವೆ ಗಾಡಿ ಹೋಗುವಷ್ಟು ಜಾಗ. ಕರೆಂಟಿನ ತಂತಿಯ ಕೆಳಗೆ ಒಟ್ಟುವುದಿಲ್ಲ. ಒಲೆಯ ಬೂದಿ ಹಾಕುವ ತಿಪ್ಪೆ ಗಾಳಿ ಬೀಸುವ ದಿಕ್ಕಿನಲ್ಲಿ ಇರುವುದಿಲ್ಲ. ಬೀಡಿ ಹಚ್ಚಿದ ಆಳು ಕಣದ ಹತ್ತಿರ ಬಂದರೆ ಮನೆಯ ಅಜ್ಜಿ ಬೈಯುವ ಬೈಗುಳದ ಮುಂದೆ ಯಾವ ನೋಟಿಸೂ ನಿಲ್ಲದು. ಯಾವ ಗೆಜೆಟ್ಟಿನಲ್ಲೂ ಅಚ್ಚಾಗದ ಈ ಅಗ್ನಿ ಸಂಹಿತೆಯನ್ನು ಎಲ್ಲರೂ ಪಾಲಿಸುತ್ತಾರೆ. ಆದರೂ ಬೇಸಿಗೆಯಲ್ಲಿ ಒಂದೆರಡು ಬಣವೆ ಉರಿಯುತ್ತವೆ. ನಾಲ್ಕೂವರೆ ಸಾವಿರ ಲೀಟರ್ ನೀರು ಹೊತ್ತ ಜಲವಾಹನ ಹಳ್ಳದ ರಸ್ತೆಯಲ್ಲಿ ತಡವರಿಸಿಕೊಂಡು ಬಂದು ಉಳಿದ ಬಣವೆಯನ್ನು ಉಳಿಸುತ್ತದೆ. ಉಳಿಯುವುದು ಆ ನಡುವಿನ ಗಾಡಿ ಜಾಗದಿಂದ.

ಅದೇ ರೈತನ ಕೈಗೆ ಅಡಿಕೆಯಲ್ಲೋ ಕೊಬ್ಬರಿಯಲ್ಲೋ ನಾಲ್ಕು ಕಾಸು ಸೇರಿತು ಅನ್ನಿ. ಪೇಟೆಯಲ್ಲಿ ಸೈಟು ತೆಗೆದು ಕಾಂಪ್ಲೆಕ್ಸ್ ಎಬ್ಬಿಸುತ್ತಾನೆ. ಆಗ ನೋಡಿ ಅವನ ಗೋಡೆ! ಪಕ್ಕದವನ ಗೋಡೆಗೂ ಇವನ ಗೋಡೆಗೂ ನಡುವೆ ಇರುವೆ ಹೋಗಬೇಕಾದರೂ ಉಸಿರು ಬಿಗಿಹಿಡಿಯಬೇಕು. ಹುಲ್ಲಿಗೆ ಬಿಟ್ಟ ಜಾಗವನ್ನು ಮನುಷ್ಯರಿಗೆ ಬಿಡಲಿಲ್ಲ ಯಾಕಪ್ಪ ಎಂದರೆ ಉತ್ತರ ಸರಳ: ಹುಲ್ಲು ಅವನದು, ಬಾಡಿಗೆಯವರು ಬೇರೆಯವರು.

ಸೆಟ್‌ಬ್ಯಾಕ್ ಎಂದು ನಕ್ಷೆಯಲ್ಲಿ ಬರೆದಿರುವ ಆ ಚುಕ್ಕೆ ಗೆರೆಯ ಜಾಗ ಬೆಂಕಿ ಗಾಡಿ ಬರುವ ದಾರಿ, ಹೊಗೆ ಹೋಗುವ ದಾರಿ, ಜನ ಹೊರಗೆ ಬಿದ್ದು ನಿಲ್ಲುವ ಜಾಗ. ನಮ್ಮ ಸರ್ಕಾರಕ್ಕೂ ಅದರ ಮೇಲೆ ಪ್ರೀತಿ. ಅಕ್ರಮ ಸಕ್ರಮ ಎಂಬ ಯೋಜನೆ ತಂದು, ವಾಸದ ಕಟ್ಟಡ ಶೇ 50ರವರೆಗೆ, ವಾಣಿಜ್ಯದ್ದು ಶೇ 25ರವರೆಗೆ ಆ ಜಾಗವನ್ನು ನುಂಗಿದ್ದರೆ ದಂಡ ಕಟ್ಟಿ ಜೀರ್ಣಿಸಿಕೊಳ್ಳಬಹುದು ಎಂದಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಹಾಕಿತು. ತಡೆ ಹಾಕಿದ್ದು ಯೋಜನೆಗೆ. ನುಂಗುವುದಕ್ಕೆ ಯಾರೂ ತಡೆ ಹಾಕಲಿಲ್ಲ.

ಇಷ್ಟರ ಮಧ್ಯೆ ಬಂದದ್ದು ಓಸಿ. ನಮ್ಮ ಕಡೆ ಓಸಿ ಎಂದರೆ ಮಟ್ಕಾ. ಬೀಡಾ ಅಂಗಡಿಯಲ್ಲಿ ಸಣ್ಣ ಚೀಟಿ ಬರೆದು, ಬೆಳಗ್ಗೆ ನಂಬರಿಗೆ ಕಾದು, ಸಂಜೆಗೆ ತಲೆಯ ಮೇಲೆ ಕೈ ಹೊತ್ತು ಕೂರುವ ಆಟ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು, ಸ್ವಾಧೀನಾನುಭವ ಪತ್ರ ಅಂದರೆ ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಎಂದು ಹೇಳಿತು. ಮೆಸ್ಕಾಂ ಕೌಂಟರಿನಲ್ಲಿ "ಓಸಿ ತಗೊಂಬನ್ನಿ" ಎಂದಾಗ ನಮ್ಮ ಷಡ್ಡಕರು ಸುತ್ತಮುತ್ತ ನೋಡಿ, ಧ್ವನಿ ತಗ್ಗಿಸಿ, "ಸಾರ್, ನಾನು ಅದನ್ನ ಬಿಟ್ಟು ಹದಿನೈದು ವರ್ಷ ಆಯ್ತು" ಎಂದರಂತೆ. ಆಮೇಲೆ ತಿಳಿಯಿತು, ಎರಡೂ ಒಂದೇ ಥರದ್ದು: ಚೀಟಿ, ನಂಬರು, ಕಾಯುವುದು, ತಲೆಯ ಮೇಲೆ ಕೈ. 2025ರ ಅಕ್ಟೋಬರಿನಲ್ಲಿ ರಾಜ್ಯದ ಸಚಿವ ಸಂಪುಟ 1,200 ಚದರಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಡಲು ಒಪ್ಪಿತು. ನಿಜವಾಗಿ ಸಣ್ಣ ಮನೆಯವರು ನಿಟ್ಟುಸಿರು ಬಿಟ್ಟರು. 90 ಅಡಿ ಹಾಲಿನ ಮನೆಯ ಷಡ್ಡಕರು "ನಮ್ಮದನ್ನೂ ನಾಲ್ಕು ಭಾಗ ಮಾಡಿ ತೋರಿಸಬಹುದಾ" ಎಂದು ಇಂಜಿನಿಯರನನ್ನು ಕೇಳಿದರು.

ತಮಾಷೆ ಎಂದರೆ, ದೀಪಾವಳಿಗೆ ಮೈದಾನದಲ್ಲಿ ಹಾಕುವ ಪಟಾಕಿ ಅಂಗಡಿಗೆ ಇರುವಷ್ಟು ಶಿಸ್ತು ಈ ಮಂಟಪಕ್ಕಿಲ್ಲ. 2008ರ ಸ್ಫೋಟಕ ನಿಯಮಗಳ ಪ್ರಕಾರ ಆ ಶೆಡ್ಡು ಉರಿಯದ ಸಾಮಾನಿನಿಂದ ಆಗಿರಬೇಕು, ಒಂದಕ್ಕೊಂದು ಕನಿಷ್ಠ 3 ಮೀಟರ್ ದೂರ ಇರಬೇಕು, ಎದುರುಬದುರು ಇರಬಾರದು, ಎಣ್ಣೆ ದೀಪ ಹಚ್ಚಬಾರದು. ಕೆಲವೇ ದಿನ ಇರುವ ತಗಡಿನ ಗೂಡಿಗೆ ಟೇಪು ಹಿಡಿದು ಅಳೆಯುತ್ತಾರೆ. ಮೂವತ್ತು ವರ್ಷ ಮದುವೆ ನಡೆಯುವ ಜಾಗದಲ್ಲಿ ಮುಹೂರ್ತ ಮಾತ್ರ ನೋಡುತ್ತಾರೆ.

ಹೋಗಲಿ, ನಮ್ಮಲ್ಲಿ ತಪಾಸಣೆಯೇ ಇಲ್ಲ ಎಂದರೆ ಅನ್ಯಾಯವಾದೀತು. ಕುಂಭಕೋಣದ ಮಕ್ಕಳ ಸಾವಿನ ಮೇಲೆ ನಡೆದ ಮೊಕದ್ದಮೆಯಲ್ಲಿ 2009ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳ ಅಗ್ನಿ ಸುರಕ್ಷತೆಗೆ ನಿರ್ದೇಶನ ಕೊಟ್ಟಿತು. ಈಗ ಖಾಸಗಿ ಶಾಲೆಗಳು ಮಾನ್ಯತೆ ನವೀಕರಿಸಬೇಕಾದರೆ ಅಗ್ನಿ ಸುರಕ್ಷತೆಯ ಪತ್ರ ತೋರಿಸಬೇಕು. ಅಲ್ಲಿಂದ ನಮ್ಮ ಸೀಮೆಯಲ್ಲಿ ಕೆಂಪು ಸಿಲಿಂಡರಿಗೆ ನೆಂಟಸ್ತಿಕೆ ಬೆಳೆಯಿತು. ಇವತ್ತು ಈ ಶಾಲೆಯ ಗೋಡೆಯಲ್ಲಿ ಕಂಡ ಸಿಲಿಂಡರ್ ನಾಡಿದ್ದು ಆ ಶಾಲೆಯ ಗೋಡೆಯಲ್ಲಿ ಇರುತ್ತದೆ, ಅದೇ ಗೀರು, ಅದೇ ತಗ್ಗು. ಬೇಸಿಗೆ ರಜದಲ್ಲಿ ಮೊಮ್ಮಕ್ಕಳು ಅಜ್ಜಿ ಮನೆ ತಿರುಗಿದ ಹಾಗೆ.

ಷಡ್ಡಕರ ಮಂಟಪದಲ್ಲೂ ಒಂದು ಸಿಲಿಂಡರ್ ಇದೆ. ಹತ್ತಿರ ಹೋಗಿ ನೋಡಿದೆ. ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ ಹೊದಿಕೆ ತೆಗೆದಿಲ್ಲ, ಹೊಸ ಕಾರಿನ ಸೀಟಿನ ಹಾಗೆ. ಎಳೆಯಬೇಕಾದ ಪಿನ್ನಿಗೆ ಆಯುಧ ಪೂಜೆಯ ಅರಿಶಿನ ದಾರ ಮೂರು ಸುತ್ತು, ಮೇಲೆ ಗಂಟು. ಹೊಟ್ಟೆಯ ಮೇಲೆ ವಿಭೂತಿ, ನಡುವೆ ಕುಂಕುಮ. ತಲೆಯ ಮೇಲೆ ಒಣಗಿದ ಸೇವಂತಿಗೆ. ಒತ್ತಡ ತೋರಿಸುವ ಸಣ್ಣ ಗಡಿಯಾರದಲ್ಲಿ ಮುಳ್ಳು ಹಸಿರು ಬಿಟ್ಟು ಕೆಂಪಿಗೆ ಒರಗಿದೆ. "ಇದು ಖಾಲಿಯಾಗಿದೆಯಲ್ಲ" ಎಂದೆ. "ಪೂಜೆ ಮಾಡಿದೀವಲ್ಲ ಅಣ್ಣಾ" ಎಂದರು. ಬಾಗಿಲ ಬಳಿ ಕೆಂಪು ಬಕೆಟ್ಟುಗಳೂ ನಾಲ್ಕಿವೆ. ಬೆಂಕಿ ಬಕೆಟ್ಟಿನ ತಳ ಗುಂಡಗೆ ಇರುವುದು ಯಾರೂ ಮನೆಗೆ ಕದ್ದೊಯ್ದು ಬಳಸಬಾರದು ಎಂದೇ, ನೆಲದ ಮೇಲೆ ಇಟ್ಟರೆ ಉರುಳುತ್ತದೆ ಎಂದು ಹಿಂದಿನವರು ಹೇಳುತ್ತಿದ್ದರು. ಷಡ್ಡಕರ ಬಕೆಟ್ಟುಗಳ ತಳ ಚಪ್ಪಟೆ. ಮರಳಿನಲ್ಲಿ ಎಲೆಯಡಿಕೆಯ ಉಗುಳು, ಬೀಡಿ ತುಂಡು. ಬೆಂಕಿಗೂ ಮರಳಿಗೂ ಇಷ್ಟಾದರೂ ಸಂಬಂಧ ಉಳಿದಿದೆ.

ಅಮೆರಿಕದಲ್ಲಿರುವ ನಮ್ಮ ಹುಡುಗ ಒಮ್ಮೆ ಹೇಳಿದ್ದ. ಅಲ್ಲಿ ಫೈರ್ ಮಾರ್ಷಲ್ ಎಂಬ ಅಧಿಕಾರಿ ಇರುತ್ತಾನಂತೆ. ನಕ್ಷೆ ನೋಡುವವರು, ಕಟ್ಟಿದ ಮೇಲೆ ಬಂದು ಬಾಗಿಲು ತಳ್ಳಿ ನೋಡುವವರು ಅವನ ಕಡೆಯವರೇ. ಸಭಾಂಗಣದ ಗೋಡೆಯ ಮೇಲೆ ಇಲ್ಲಿ ಇಷ್ಟೇ ಜನ ಸೇರಬಹುದು ಎಂದು ಬೋರ್ಡು ಹಾಕಿರಬೇಕು. ಅವರೂ ಇದನ್ನು ಸುಮ್ಮನೆ ಕಲಿತದ್ದಲ್ಲ. ಷಿಕಾಗೊದಲ್ಲಿ ಇರೊಕ್ವಾ ಎಂಬ ನಾಟಕ ಮಂದಿರವನ್ನು 'ಸುಡಲಾರದ್ದು' ಎಂದು ಹೊಗಳಿಕೊಂಡು ತೆರೆದರು. 1903ರ ಡಿಸೆಂಬರ್ 30ರಂದು ಅದರೊಳಗೆ ಆರುನೂರಕ್ಕೂ ಹೆಚ್ಚು ಜನ ಸತ್ತರು, ಬಾಗಿಲುಗಳು ತೆರೆಯಲಿಲ್ಲ. ಆಮೇಲೆ ಮೈಯಿಂದ ನೂಕಿದರೆ ತಾನೇ ತೆರೆದುಕೊಳ್ಳುವ ಅಡ್ಡಪಟ್ಟಿಯ ಬಾಗಿಲು ಬಂತು. ನಾನು ಈ ಬೋರ್ಡಿನ ವಿಷಯ ಎತ್ತಿದಾಗ ಷಡ್ಡಕರು ನಿಜಕ್ಕೂ ನೊಂದುಕೊಂಡರು. "ಮುನ್ನೂರು ಜನ ಮಾತ್ರ ಅಂತ ಬೋರ್ಡ್ ಹಾಕಿದ್ರೆ ಯಾವ ಮರ್ಯಾದಸ್ತ ಬುಕ್ ಮಾಡ್ತಾನಣ್ಣಾ? ಸಾವಿರದ ಐನೂರು ಕಾರ್ಡು ಹಂಚಿರ್ತಾರೆ."

ಅಂತೂ ಪ್ರಾರಂಭೋತ್ಸವದ ದಿನ ಬಂತು. ಮುಂದೆಲ್ಲ ನೀಲಿ ಗಾಜು, ಬೆಳ್ಳಿ ಬಣ್ಣದ ಶೀಟು. ಎಸಿ ಹಾಕಿದ್ದರಿಂದ ಕಿಟಕಿಗಳು ತೆರೆಯುವುದಿಲ್ಲ. ತೆರೆಯುವ ಹಾಗೆ ಮಾಡಿಯೇ ಇಲ್ಲ. ಚಾವಣಿಗೆ ಬಟ್ಟೆಯ ನೆರಿಗೆ, ವೇದಿಕೆಗೆ ಪ್ಲಾಸ್ಟಿಕ್ ಹೂವು, ಹಿಂದೆ ಥರ್ಮಕೋಲ್ ಗಣಪತಿ. ಮೆಟ್ಟಿಲ ಕೆಳಗೆ ಅಡುಗೆಯವರ ಗ್ಯಾಸ್ ಸಿಲಿಂಡರುಗಳು ಹನ್ನೊಂದು, ಎಣಿಸಿದೆ. ನಕ್ಷೆಯಲ್ಲಿದ್ದ ಹಿಂಬಾಗಿಲು ನೆನಪಾಗಿ ಹುಡುಕಿದೆ. ಇತ್ತು. ಅದರ ಮುಂದೆ ಮಡಚಿದ ಕಬ್ಬಿಣದ ಕುರ್ಚಿಗಳ ಗೋಡೆ, ಕುರ್ಚಿಗಳ ಹಿಂದೆ ಚಿಲಕ, ಚಿಲಕಕ್ಕೆ ಬೀಗ. ಬೀಗದ ಕೈ ಯಾರ ಹತ್ತಿರ ಎಂದು ಕೆಲಸದ ಹುಡುಗನನ್ನು ಕೇಳಿದೆ. "ಮ್ಯಾನೇಜರ್ ಹತ್ರ." ಮ್ಯಾನೇಜರ್ ಎಲ್ಲಿ? "ಬೀರೂರಿಗೆ ಹೋಗವ್ರೆ, ಬಾಳೆ ಎಲೆಗೆ."

ಬೆಳಗ್ಗೆ ಆರೂವರೆಗೆ ಗಣಹೋಮ. ಒಳಗೆ ಐನೂರು ಜನ. ಪುರೋಹಿತರು ಒಳ್ಳೆಯ ತುಪ್ಪ, ಗರಿಕೆ, ತೆಂಗಿನಕಾಯಿ ಎಲ್ಲ ಧಾರಾಳವಾಗಿ ಹಾಕಿಸಿದರು. ಮೊದಲು ಹೊಗೆ ಚೆನ್ನಾಗಿತ್ತು, ಭಕ್ತಿ ಬಂತು. ಹತ್ತು ನಿಮಿಷಕ್ಕೆ ಬಟ್ಟೆಯ ಚಾವಣಿ ಕಾಣಲಿಲ್ಲ. ಇಪ್ಪತ್ತು ನಿಮಿಷಕ್ಕೆ ಥರ್ಮಕೋಲ್ ಗಣಪತಿ ಕಾಣಲಿಲ್ಲ. ಯಾರದೋ ಮಗು ಕೆಮ್ಮಿತು, ಅದರ ತಾಯಿ ಎದ್ದಳು, ಪಕ್ಕದ ನಾಲ್ವರು ಎದ್ದರು, ಆಮೇಲೆ ಎಲ್ಲರೂ ಎದ್ದರು. ಇದ್ದದ್ದು ಮುಂದಿನ ಬಾಗಿಲೊಂದೇ. ಅದು ಒಳಗೆ ತೆರೆಯುವ ಬಾಗಿಲು. ಒಳಗಿನಿಂದ ನೂಕಿದಷ್ಟೂ ಅದು ಮುಚ್ಚಿಕೊಳ್ಳುತ್ತಾ ಹೋಯಿತು. ಕೊನೆಗೆ ಹೊರಗಿದ್ದ ವಾಲಗದವರು ಡೋಲು ಕೆಳಗಿಟ್ಟು, ಭುಜ ಕೊಟ್ಟು, ಒಂದು ರೆಕ್ಕೆ ಬಿಡಿಸಿದರು. ಯಾರಿಗೂ ಏನೂ ಆಗಲಿಲ್ಲ. ಒಬ್ಬರ ಕನ್ನಡಕ ಮುರಿಯಿತು, ಸುಮಾರು ನಲವತ್ತು ಜೋಡಿ ಚಪ್ಪಲಿ ಅದಲುಬದಲಾಯಿತು. ನಾನು ಮನೆಗೆ ಹೋಗಿದ್ದು ಬೇರೆ ಯಾರದೋ ಬಾಟಾದಲ್ಲಿ.

ಹೀಗೆ ಆ ಕಟ್ಟಡದ ಮೊದಲ ಅಗ್ನಿ ತಪಾಸಣೆ ಪುರೋಹಿತರ ಕೈಯಿಂದ, ಶುಭ ಲಗ್ನದಲ್ಲಿ, ಮಂತ್ರ ಸಹಿತ ನಡೆಯಿತು.

ಎಲ್ಲ ತಣ್ಣಗಾದ ಮೇಲೆ ರಸ್ತೆಯಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದೆವು. ಷಡ್ಡಕರಿಗೆ ಪುರೋಹಿತರ ಮೇಲೆ ಸಿಟ್ಟು ಬಂದಿತ್ತು, ತೋರಿಸಿಕೊಳ್ಳಲಿಲ್ಲ. "ಏನಿಲ್ಲ ಸ್ವಾಮಿ, ಮುಂದಿನ ಸಲದಿಂದ ಹೋಮ ಹೊರಗಡೆ ಇಟ್ಕೊಳ್ಳೋಣ" ಎಂದರು.

ಪುರೋಹಿತರು ಎಡಕ್ಕೆ ನೋಡಿದರು, ಪಕ್ಕದ ಕಟ್ಟಡದ ಗೋಡೆ. ಬಲಕ್ಕೆ ನೋಡಿದರು, ಇನ್ನೊಂದು ಗೋಡೆ. ಮುಂದೆ ಚರಂಡಿ, ಚರಂಡಿಯಾಚೆ ಲಾರಿ.

"ಹೊರಗೆ ಜಾಗ ಎಲ್ಲಿ ಬಿಟ್ಟಿದೀರಿ ಯಜಮಾನ್ರೇ?" ಎಂದರು.